ಹಳದಿ ಕಾರಿಗೊಂದು ಕ್ಲಚ್ಚು

ಪೀಣ್ಯದ ಕ್ಲಚ್ ಅಂಗಡಿಗೆ ನಾನು ಕೆಲಸಕ್ಕೆ ಸೇರಿದಾಗ, ಕ್ಲಚ್ಚು ಎಂದರೆ ಕೂದಲಿಗೆ ಹಾಕಿಕೊಳ್ಳುವ ಕ್ಲಿಪ್ಪು ಎಂದುಕೊಂಡಿದ್ದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದರೂ, ಬೀದಿಯಲ್ಲಿ ಯಾವುದಾದರೂ ಗಾಡಿ ಕಿರ್ರೆಂದು ಗೇರು ಬದಲಾಯಿಸಿದರೆ ಸಾಕು, ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಲ್ಲುತ್ತದೆ. "ಪಾಪ, ಹೋಯ್ತು ಇವನ ಪ್ಲೇಟು" ಎಂದು ಬಾಯಿಂದ ತಾನಾಗಿ ಬಂದುಬಿಡುತ್ತದೆ. ನನ್ನ ಮಗಳು ಇದನ್ನು ರೋಗ ಎನ್ನುತ್ತಾಳೆ. ನಾನು ಸರ್ವಿಸ್ಸು ಎನ್ನುತ್ತೇನೆ.

ಮೊನ್ನೆ ನಮ್ಮ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಸರೋಜಕ್ಕಾ, ಕೌಂಟರ್ ಕೆಲಸಕ್ಕೆ ಏನೇನು ಕಲೀಬೇಕು?" ಎಂದು ಕೇಳಿದರು. ಕಂಪ್ಯೂಟರಿಗೆ ಚಾಸಿಸ್ ನಂಬರ್ ಹೊಡೆದರೆ ಪಾರ್ಟ್ ನಂಬರ್ ಬರುತ್ತದೆ, ಇನ್ನು ಕಲಿಯುವುದೇನಿದೆ ಎಂಬ ಧೈರ್ಯವೂ ಅವರ ಮುಖದಲ್ಲಿತ್ತು. ಅವರಿಗೆ ಟೀ ಕೊಟ್ಟು ಮುನಿರಾಜಪ್ಪನವರ ಹಳದಿ ಕಾರಿನ ಕಥೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗಬೇಡಿ. ಇಷ್ಟು ವರ್ಷ ಕ್ಲಚ್ ಮಾರಿದ ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಸುತ್ತೇನೆ ಎಂದವರೆಲ್ಲ ನಾಳೆ ಎಂದರು, ನಾನೂ ಆಗಲಿ ಎಂದೆ, ಅಷ್ಟರಲ್ಲಿ ನಿವೃತ್ತಿ ಬಂತು.

ಓಡಿಸಲು ಬಾರದಿದ್ದರೂ ಒಳಗಿನ ಸಂಗತಿ ಗೊತ್ತಿರಬೇಕು. ಎಂಜಿನ್ನಿನ ಬೆನ್ನಿಗೆ ಒಂದು ದಪ್ಪ ಉಕ್ಕಿನ ಚಕ್ರ ಇರುತ್ತದೆ, ಅದು ಫ್ಲೈವೀಲು. ಬೀಸುವ ಕಲ್ಲಿನ ಹಾಗೆ, ಒಮ್ಮೆ ತಿರುಗಲು ಹಿಡಿದರೆ ತನ್ನ ಭಾರಕ್ಕೇ ಹದವಾಗಿ ತಿರುಗುತ್ತಿರುತ್ತದೆ. ಕ್ಲಚ್ ಪ್ಲೇಟು ಅದಕ್ಕೆ ಅಂಟಿಕೊಂಡರೆ ಗಾಡಿ ಓಡುತ್ತದೆ. ಪೆಡಲ್ ಒತ್ತಿದರೆ ಪ್ಲೇಟು ಬಿಟ್ಟುಕೊಳ್ಳುತ್ತದೆ. ಅರ್ಧ ಒತ್ತಿ ಅರ್ಧ ಬಿಟ್ಟು ಓಡಿಸಿದರೆ ಎರಡೂ ಒಂದಕ್ಕೊಂದು ಉಜ್ಜಿ ಸುಡುತ್ತವೆ. ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಗಾಡಿ ಓಡಿಸುವ ಮನುಷ್ಯರ ವಿಷಯ.

ನಮ್ಮ ಮಾಲೀಕರು ರಂಗಸ್ವಾಮಿ. ಎಲ್ಲರೂ ಸಾಹುಕಾರ್ರು ಎನ್ನುತ್ತಿದ್ದೆವು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಬೈದ ಮೇಲೆ ಬೋಂಡ ತರಿಸುತ್ತಿದ್ದರು, ಹಾಗಾಗಿ ಸಂಜೆ ಹಸಿವಾದರೆ ಯಾರಾದರೂ ಒಬ್ಬರು ಸಣ್ಣದೊಂದು ತಪ್ಪು ಮಾಡುತ್ತಿದ್ದೆವು. ಅವರ ಸಿದ್ಧಾಂತ ಒಂದೇ. "ಗಿರಾಕಿ ಕೇಳಿದ್ದು ಕೊಡು ಸರೋಜಾ. ಬುದ್ಧಿ ಹೇಳಕ್ಕೆ ನಾವೇನು ಅವ್ರ ಸೋದರಮಾವಂದಿರಾ?" ನನ್ನ ಇಡೀ ನೌಕರಿ ಈ ಮಾತಿನೊಂದಿಗೆ ಜಗಳವಾಡುವುದರಲ್ಲೇ ಕಳೆಯಿತು.

ಸೇರಿದ ಕಾಲದಲ್ಲಿ ನಮ್ಮ ಕೌಂಟರಿನ ಮೇಲೆ ಒಂದೇ ಬೋರ್ಡು ಇತ್ತು, 'ಹಳೇ ಪ್ಲೇಟು ತನ್ನಿ' ಎಂದು. ಜನ ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದರು. ಅದನ್ನು ಹೊಸದರ ಮೇಲಿಟ್ಟು, ಹಲ್ಲು ಎಣಿಸಿ, ಅಳತೆ ನೋಡಿ ಕೊಡುತ್ತಿದ್ದೆವು. ಆಮೇಲೆ ವಾಟ್ಸಾಪ್ ಬಂತು, ಗೋಣಿಚೀಲ ಹೋಯಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಒಬ್ಬರು ಪ್ಲೇಟಿನ ಫೋಟೋ ಕಳಿಸಿದ್ದರು. ನಾನು ರಜೆಯಲ್ಲಿದ್ದೆ. ಸಾಹುಕಾರ್ರು ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ ಒಂದನ್ನು ಪ್ಯಾಕ್ ಮಾಡಿಸಿ ಕಳಿಸಿಬಿಟ್ಟರು. ಸಂಜೆ ಫೋನು ಬಂತು. "ಸಾರ್, ನನ್ನದು ಸಣ್ಣ ಕಾರು. ನೀವು ಕಳ್ಸಿರೋದ್ರ ಮೇಲೆ ನಮ್ಮ ಮನೆಯವರೆಲ್ಲ ಕೂತು ಊಟ ಮಾಡ್ಬೋದು." ಅದು ಲಾರಿಯದು. ಅಂದಿನಿಂದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ ಎಂದು ಹೇಳುವ ಪದ್ಧತಿ ಶುರುವಾಯಿತು. ಮಾರನೆಯ ದಿನ ಬೋಂಡ ತರಿಸಿದ್ದು ಮಾತ್ರ ನಾವು, ಬೈಯುವ ಸರದಿಯೂ ನಮ್ಮದಾಗಿತ್ತು.

ಇನ್ನೊಂದು ಪದ್ಧತಿ ನಮ್ಮ ಫಿಟ್ಟರ್ ಬಸವರಾಜನದು. ಗದಗಿನ ಕಡೆಯವನು, ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ರೂಮಿನಲ್ಲಿದ್ದ. ಗುಜರಿಗೆ ಹೋದ ಕಾರೊಂದರ ಸೀಟು ತಂದು ನೆಲಕ್ಕೆ ಬಿಗಿದು, ಅದರ ಮುಂದೆ ಒಂದು ಕ್ಲಚ್ ಪೆಡಲ್ ನಿಲ್ಲಿಸಿದ್ದ. ಪೆಡಲಿನ ಆಚೆ ಯಾವ ಗಾಡಿಯ ಕ್ಲಚ್ ಬೇಕಾದರೂ ಜೋಡಿಸಬಹುದಿತ್ತು. ಗಿರಾಕಿ ಆ ಕುರ್ಚಿಯಲ್ಲಿ ಕೂತು ಒತ್ತಿ ನೋಡಬೇಕು, ಕಾಲಿಗೆ ಒಗ್ಗಿದರೆ ಕೊಳ್ಳಬೇಕು. ನಾವು ಅದನ್ನು ಪರೀಕ್ಷೆ ಕುರ್ಚಿ ಎನ್ನುತ್ತಿದ್ದೆವು.

ಆ ಕುರ್ಚಿಯ ನಿಜವಾದ ಉಪಯೋಗ ತಿಳಿದದ್ದು ಒಬ್ಬ ಟೆಂಪೋ ಡ್ರೈವರಿನಿಂದ. ಗೋಡೌನುಗಳಿಗೆ ಸರಕು ಹೊಡೆಯುತ್ತಿದ್ದವನು, ಪದೇಪದೇ ಪ್ಲೇಟು ಸುಟ್ಟುಕೊಂಡು ಬರುತ್ತಿದ್ದ. ನಮ್ಮ ಮಾಲೇ ಸರಿಯಿಲ್ಲ ಎಂದು ಒಂದು ದಿನ ಕೂಗಾಡಿದ. ಅವನನ್ನು ಕುರ್ಚಿಯಲ್ಲಿ ಕೂರಿಸಿ, "ತಂಗಿ ಮದುವೆ ಎಲ್ಲಿಗೆ ಬಂತಪ್ಪ?" ಎಂದು ಕೇಳಿದೆ. ಛತ್ರ, ಅಡುಗೆಯವರು, ಬೀಗರ ಕೊಂಕು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವನ ಎಡಗಾಲು ಪೆಡಲಿನ ಮೇಲೆ ಆರಾಮವಾಗಿ ಒರಗಿಕೊಂಡೇ ಇತ್ತು. "ಕಾಲು ನೋಡ್ಕೊ" ಎಂದೆ. ನೋಡಿಕೊಂಡ, ನಾಲಿಗೆ ಕಚ್ಚಿಕೊಂಡ. ಪೆಡಲಿನ ಪಕ್ಕ ಒಂದು ಮರದ ತುಂಡು ಹೊಡೆದುಕೊಂಡು, ಕಾಲನ್ನು ಅದರ ಮೇಲಿಡಲು ಕಲಿತ. ಆಮೇಲೆ ಅವನು ಅಂಗಡಿಗೆ ಬರುತ್ತಿದ್ದುದು ಅವರೆಕಾಯಿ ಕಾಲದಲ್ಲಿ, ಒಂದು ಚೀಲ ಕಾಯಿ ಕೊಟ್ಟು ಹೋಗಲು ಮಾತ್ರ. ಒಳ್ಳೇ ಗಿರಾಕಿಯನ್ನು ಕಳೆದುಬಿಟ್ಟೆ ಎಂದು ಸಾಹುಕಾರ್ರು ಬೈದರು, ಅವರೆಕಾಯಿ ಉಪ್ಪಿಟ್ಟನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು.

ಹಳದಿ ಕಾರು ಬಂದದ್ದು ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ. ಟೋಯಿಂಗ್ ಲಾರಿಯ ಬೆನ್ನ ಮೇಲೆ ಕೂತು ಬಂತು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಆಗತಾನೆ ಅರಿಶಿನ ಬಳಿದಂಥ ಬಣ್ಣ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಬಸವರಾಜ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಾಗ ಕುಂಡ್ರೂದಲ್ರೀ ಅಕ್ಕಾರ, ತೊಟ್ಟಲದಾಗ ಮಕ್ಕೊಂಡಂಗ ಮಕ್ಕೊಬೇಕು" ಎಂದ.

ಲಾರಿಯ ಮುಂದಿನ ಸೀಟಿನಿಂದ ಮುನಿರಾಜಪ್ಪ ಇಳಿದರು. ಅರವತ್ತು ದಾಟಿದ ವರ್ತೂರಿನ ಒಕ್ಕಲು ಮನೆತನದವರು. ಕೆರೆ ಪಕ್ಕದಲ್ಲಿ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಈ ಕಾರನ್ನು ಆಸೆಪಟ್ಟು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡಿದ್ದರು. "ಮಕ್ಕಳಿಗೆ ಮಾಡೋದೆಲ್ಲ ಮಾಡಾಯ್ತು ಕಣಮ್ಮ. ಇದೊಂದು ನಂಗೆ" ಎಂದು ಕಾರಿನ ತಲೆ ಸವರಿದರು.

ಅವರ ಜೊತೆ ಕಿಶೋರ್ ಬಂದಿದ್ದ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ, ಇಂಥದ್ದೇ ಒಂದು ಕಾರು ಅವನಲ್ಲೂ ಇತ್ತು. ಭಾನುವಾರ ಬೆಳಿಗ್ಗೆ ಇವರ ಗುಂಪು ತಂತಮ್ಮ ಕಾರು ತೆಗೆದುಕೊಂಡು ತುಮಕೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನಲು ಹೋಗುತ್ತಿತ್ತಂತೆ. ಇಷ್ಟು ದುಬಾರಿ ಕಾರಿನಲ್ಲಿ ಇಡ್ಲಿಗೆ ಹೋಗುವವರನ್ನು ಕಂಡು ನನಗೆ ಖುಷಿಯೇ ಆಯಿತು.

"ಮೇಡಂ, ಅಂಕಲ್ ಡ್ರೈವಿಂಗ್ ನೋಡ್ಬೇಕು ನೀವು" ಎಂದ ಕಿಶೋರ್. "ಹೋದ್ ತಿಂಗ್ಳು ಬೆಳಿಗ್ಗೆ ಇನ್ನೂ ಕತ್ಲಿರುವಾಗ್ಲೇ ಪೀಣ್ಯ ಫ್ಲೈಓವರ್ ಮೇಲೆ ನನ್ನನ್ನ ಓವರ್‌ಟೇಕ್ ಮಾಡಿದ್ರು. ಬೆಣ್ಣೆ ಥರ ಹೋಯ್ತು ಗಾಡಿ. ಗೇರ್ ಚೇಂಜ್ ಆಗಿದ್ದೇ ಗೊತ್ತಾಗ್ಲಿಲ್ಲ. ಇವ್ರಿಗೆ ರೇಸ್ ಕ್ಲಚ್ಚೇ ಹಾಕ್ಬೇಕು, ಹಗುರ ಫ್ಲೈವೀಲ್ ಜೊತೆ."

ಮುನಿರಾಜಪ್ಪ ನೆಲ ನೋಡುತ್ತ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಎರಡನೇ ಸಲ ಸುಟ್ಟೈತೆ ಕಣಮ್ಮ. ಈ ಸಲಾನೂ ಸರಿಯಾಗ್ನಿಲ್ಲ ಅಂದ್ರೆ ಕಾರು ಕಿಶೋರಂಗೆ ಕೊಟ್ಬುಡ್ತೀನಿ. ಮಾತಾಗೈತೆ." ಹಾಗೆನ್ನುವಾಗ ಅವರ ಕೈ ಕಾರಿನ ಮೇಲೆಯೇ ಇತ್ತು.

ಅಂದರೆ ನಮ್ಮ ಮುಂದೆ ಎರಡು ದಾರಿ. ಒಂದು, ಕಾರಿನ ಜೊತೆ ಬಂದಂಥದ್ದೇ ಫ್ಲೈವೀಲು. ಭಾರವಾದದ್ದು, ಎರಡು ಪದರ, ನಡುವೆ ಸ್ಪ್ರಿಂಗು, ಅಲುಗಾಟವನ್ನೆಲ್ಲ ನುಂಗಿಕೊಳ್ಳುತ್ತದೆ. ಅದರ ಜೊತೆಗಿನ ಕ್ಲಚ್ಚಿನ ಪೆಡಲ್ ಮೆತ್ತಗಿರುತ್ತದೆ, ಆದರೆ ಮಾಲು ಹೊರದೇಶದಿಂದ ಬರಬೇಕು, ಕಾಯಬೇಕು. ಇನ್ನೊಂದು ಕಿಶೋರ್ ಹೇಳಿದ್ದು. ಹಗುರ ಚಕ್ರ, ಬಿಗಿ ಕ್ಲಚ್ಚು. ಖಾಲಿ ರಸ್ತೆಯಲ್ಲಿ ಚಂಗನೆ ಹಾರುತ್ತದೆ. ವರ್ತೂರಿನ ಟ್ರಾಫಿಕ್ಕಿನಲ್ಲಿ ಜರ್ಕು ಹೊಡೆಯುತ್ತದೆ, ಆಫ್ ಆಗುತ್ತದೆ, ಪೆಡಲ್ ಒತ್ತುವುದೆಂದರೆ ಗೋಡೆ ತಳ್ಳಿದ ಹಾಗೆ. ಅದು ಮಾರನೆಯ ದಿನವೇ ಸಿಗುತ್ತಿತ್ತು. ಸಾಹುಕಾರ್ರು ಯೋಚನೆಯನ್ನೇ ಮಾಡಲಿಲ್ಲ. "ರೇಸ್ ಕಿಟ್ಟೇ ತರಿಸ್ಬಿಡಿ ಸಾರ್, ಹಾಕ್ಬಿಡಣ" ಎಂದುಬಿಟ್ಟರು.

ಬಸವರಾಜ ಕಾರಿನಿಂದ ಬಿಚ್ಚಿ ತೆಗೆದ ಹಳೇ ಪ್ಲೇಟನ್ನು ನಾನು ನೋಡಿದೆ. ಅಂಚೆಲ್ಲ ಕರಕಲು, ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಫ್ಲೈವೀಲಿನ ಮುಖ ಕಾದು ನೀಲಿಯಾಗಿ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಇದು ಅರ್ಧ ಒತ್ತಿ ಅರ್ಧ ಬಿಟ್ಟು ಓಡಿಸುವವರ ಪ್ಲೇಟು. ಬೆಣ್ಣೆಯಂತೆ ಓಡಿಸುವವರದಲ್ಲ. ಮುನಿರಾಜಪ್ಪನವರನ್ನು ಪರೀಕ್ಷೆ ಕುರ್ಚಿಯಲ್ಲಿ ಕೂರಿಸಿದೆ. ಅಂಗಡಿಯಲ್ಲಿದ್ದ ಬೇರೆ ಕಾರಿನ, ಅಷ್ಟೇ ಮೆತ್ತಗಿನ ಕ್ಲಚ್ಚನ್ನು ಹಾಕಿದ್ದೆವು. ಅವರು ಒತ್ತಿದರು, ಅರ್ಧಕ್ಕೇ ಕಾಲು ನಿಂತಿತು, ಮುಖ ಕಿವುಚಿತು. "ಆರಾಮಾಗೈತೆ" ಎಂದರು. ಕಾಲಲ್ಲಿ ದಪ್ಪ ರಬ್ಬರ್ ಅಡಿಯ ಬೂಟು. ಕೂರುವಾಗಲೂ ಏಳುವಾಗಲೂ ಎಡ ಮಂಡಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಹಾಗಾದರೆ ಫ್ಲೈಓವರ್ ಮೇಲೆ ಬೆಣ್ಣೆಯಂತೆ ಹೋದದ್ದು ಯಾರು?

ಕಾರಿನ ಬಾಗಿಲು ತೆಗೆದು ಪೆಡಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗಿರಾಕಿಯ ಕಾರಿನ ಸೀಟಿನಲ್ಲಿ ಸ್ಟಾಫು ಕೂರಬಾರದೆಂದು ಸಾಹುಕಾರ್ರ ಕಟ್ಟಪ್ಪಣೆ. ಬಸವರಾಜ ಟಾರ್ಚ್ ಹಿಡಿದ. ರಬ್ಬರಿಲ್ಲದ ಅಲ್ಯುಮಿನಿಯಂ ಪೆಡಲು. ಅದರ ಮೇಲ್ಭಾಗದಲ್ಲಿ, ಒಂದೇ ಕಡೆ, ಸಣ್ಣ ಸಣ್ಣ ಗೆರೆಗಳು.

"ಬೆಕ್ಕು ಪರಚಿದಂಗ ಐತಲ್ರೀ ಅಕ್ಕಾರ" ಎಂದ.

ರಬ್ಬರ್ ಬೂಟು ಅಲ್ಯುಮಿನಿಯಂ ಮೇಲೆ ಗೆರೆ ಎಳೆಯುವುದಿಲ್ಲ. ನಾನು ಗೆರೆಗಳ ಮೇಲೆ ಬೆರಳಾಡಿಸಿ, ನನ್ನ ಕಾಲು ನೋಡಿಕೊಂಡೆ. "ಬೆಕ್ಕಲ್ಲ ಬಸಣ್ಣ. ಕಾಲುಂಗುರ."

ಮುನಿರಾಜಪ್ಪನವರನ್ನು ಟೀ ಕುಡಿಯುವ ನೆಪದಲ್ಲಿ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ಕಿಶೋರ್ ಸಾಹುಕಾರ್ರ ಜೊತೆ ಒಳಗಿದ್ದ. "ಮನೇಲಿ ಅಮ್ಮಾವ್ರು ಬರಿಗಾಲಲ್ಲಿ ಓಡಿಸ್ತಾರಾ?" ಎಂದು ನೇರವಾಗಿ ಕೇಳಿದೆ.

ಅವರು ಟೀ ಲೋಟವನ್ನು ಮರದ ಬುಡದಲ್ಲಿಟ್ಟರು. ಆಮೇಲೆ ಎಲ್ಲ ಹೇಳಿದರು. ಸೊಪ್ಪು ಬೆಳೆಯುತ್ತಿದ್ದ ಕಾಲದಲ್ಲಿ ಮಾರ್ಕೆಟ್ಟಿಗೆ ಟೆಂಪೋ ಹೊಡೆಯುತ್ತಿದ್ದವರೇ ಅವರ ಹೆಂಡತಿ ಜಯಮ್ಮ. ಹೋದ ವರ್ಷ ಮುನಿರಾಜಪ್ಪನವರ ಎಡ ಮಂಡಿಗೆ ಆಪರೇಷನ್ ಆಯಿತು. ಅಂದಿನಿಂದ ಭಾನುವಾರ ಬೆಳಕು ಹರಿಯುವ ಮುಂಚೆ ವರ್ತೂರಿನಿಂದ ಕಾರು ತರುವುದು ಜಯಮ್ಮ. ಫ್ಲೈಓವರ್ ದಾಟಿದ ಮೇಲೆ, ಮಾಕಳಿಯ ಹತ್ತಿರ ಒಂದು ಫ್ಯಾಕ್ಟರಿಯ ಕಾಂಪೌಂಡಿನ ಮರೆಯಲ್ಲಿ ಗಂಡಹೆಂಡತಿ ಸೀಟು ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿಂದ ಇಡ್ಲಿ ಹೋಟೆಲಿನವರೆಗೆ ಮುನಿರಾಜಪ್ಪ ಹಲ್ಲು ಕಚ್ಚಿಕೊಂಡು ಓಡಿಸುತ್ತಾರೆ. ಜಯಮ್ಮ ಪಕ್ಕದಲ್ಲಿ ಸೆರಗು ಹೊದ್ದು ಕೂರುತ್ತಾರೆ.

"ಎಂಡ್ರು ಓಡುಸ್ತಾಳೆ, ಇವ್ನು ಪಕ್ಕದಾಗೆ ಕುಂತವ್ನೆ ಅಂತ ಎಲ್ರೂ ನಗಲ್ವೇನಮ್ಮ?"

ನನಗೆ ಮೊದಲು ಸಿಟ್ಟು ಬಂತು. ಚಂದವಾಗಿ ಓಡಿಸುವುದು ಆಕೆ, ಹೊಗಳಿಕೆ ಇವರಿಗೆ, ಸುಟ್ಟ ವಾಸನೆ ಪಾಪದ ಕಾರಿಗೆ. "ಯಜಮಾನ್ರೇ, ಆ ಕೊನೇ ಚೂರು ದಾರೀಲೇ ಎರಡು ಸಲವೂ ಪ್ಲೇಟು ಸುಟ್ಟಿರೋದು. ನಿಮ್ಮ ಮಂಡಿ ಪೂರ್ತಿ ಒತ್ತಕ್ಕೆ ಬಿಡ್ತಿಲ್ಲ. ಈಗ ಬಿಗಿ ಕ್ಲಚ್ ಹಾಕಿಸಿದ್ರೆ ನಿಮಗೂ ಆಗಲ್ಲ, ಅವ್ರಿಗೂ ಆಗಲ್ಲ. ಕಾರು ಹೋಗತ್ತೆ" ಎಂದೆ.

"ಗೊತ್ತು" ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಅವ್ಳು ಓಡುಸುವಾಗ ಮಾತೇ ಆಡಲ್ಲ ಕಣಮ್ಮ. ಅಂಗೇ ರೋಡು ನೋಡ್ಕಂಡು ಒಳಗೊಳಗೇ ನಗ್ತಿರ್ತಾಳೆ. ಮದ್ವೆಯಾಗಿ ಇಷ್ಟು ವರ್ಸಾಯ್ತು, ಅವ್ಳ ಮುಖ ನಾನು ಅಂಗೆ ನೋಡಿದ್ದೇ ಈಗ. ಕಾರು ಹೋದ್ರೆ ಅದೂ ಹೋಯ್ತದೆ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಅವರನ್ನು ನೋಡಿ ಅಯ್ಯೋ ಎನ್ನಿಸಿತು. "ನಾಳೆ ಅವ್ರನ್ನ ಕರ್ಕೊಂಡ್ ಬನ್ನಿ. ಕುರ್ಚಿಯಲ್ಲಿ ಕೂತು ಒತ್ತಿ ನೋಡ್ಲಿ. ಒತ್ತೋರ ಕಾಲು ನೋಡ್ದೆ ನಾನು ಕ್ಲಚ್ ಹೇಳಲ್ಲ" ಎಂದೆ. "ಕಿಶೋರಂಗೆ ಯೋಳ್ಬೇಡಿ" ಎಂದಷ್ಟೇ ಹೇಳಿ ಹೋದರು. ನಾನು ಹೇಳುವವಳೂ ಅಲ್ಲ, ಅದು ಅವರೇ ಹೇಳಬೇಕಾದ ಮಾತು.

ಮಾರನೆಯ ದಿನ ಜಯಮ್ಮ ಬಂದರು. ಗಿಡ್ಡನೆಯ ಹೆಂಗಸು, ನೀಲಿ ಸೀರೆ, ಕೈಯಲ್ಲಿ ಒಂದು ಬುಟ್ಟಿ ಸೀಬೆಹಣ್ಣು. ಹಿಂದೆ ಮುನಿರಾಜಪ್ಪ. ಆದರೆ ಅವರಿಗಿಂತ ಮೊದಲೇ ಕಿಶೋರ್ ಬಂದು ಕೂತಿದ್ದ. ರೇಸ್ ಕಿಟ್ಟನ್ನು ತಾನೇ ಕಾರಿನಲ್ಲಿಟ್ಟುಕೊಂಡು ತಂದಿದ್ದ. ಒಳ್ಳೆಯ ಹುಡುಗ, ಅವನ ಉತ್ಸಾಹಕ್ಕೆ ಏನೂ ಅನ್ನುವಂತಿರಲಿಲ್ಲ. ಬಸವರಾಜನಿಗೆ ಹೇಳಿ ಅದರ ಬಿಗಿ ಕ್ಲಚ್ಚನ್ನು ಆಗಲೇ ಪರೀಕ್ಷೆ ಕುರ್ಚಿಗೆ ಹಾಕಿಸಿದ್ದ.

"ಬನ್ನಿ ಆಂಟಿ, ಇಲ್ಲಿ ಕೂತ್ಕೊಳ್ಳಿ" ಎಂದು ಜಯಮ್ಮನವರಿಗೆ ಒಂದು ಸ್ಟೂಲು ಎಳೆದ. "ಅಂಕಲ್, ಒತ್ತಿ ನೋಡಿ ಒಂದ್ಸಲ. ಇದು ಫೀಲೇ ಬೇರೆ."

ಮುನಿರಾಜಪ್ಪ ಬಾಗಿಲಲ್ಲೇ ನಿಂತರು. ನನ್ನ ಕಡೆ ನೋಡಿದರು, ನಾನು ಬಿಲ್ ಪುಸ್ತಕದಲ್ಲಿ ಮುಖ ಹುದುಗಿಸಿದೆ. ನಿಧಾನಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಬೂಟುಗಾಲನ್ನು ಪೆಡಲಿನ ಮೇಲಿಟ್ಟರು. ಒತ್ತಲಿಲ್ಲ. ಜಯಮ್ಮ ಬುಟ್ಟಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಗಂಡನ ಮಂಡಿಯನ್ನೇ ನೋಡುತ್ತಿದ್ದರು.

ಮುನಿರಾಜಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡು ಎದ್ದುಬಿಟ್ಟರು.

"ಜಯಾ, ಬಾ ಇಲ್ಲಿ. ನೀನು ಕೂತ್ಕೋ. ಓಡುಸೋಳು ನೀನು ತಾನೆ."

ಜಯಮ್ಮ ಬುಟ್ಟಿ ಕೆಳಗಿಟ್ಟು, ದೇವಸ್ಥಾನದ ಮುಂದೆ ಬಿಡುವ ಹಾಗೆ ಚಪ್ಪಲಿಯನ್ನು ಜೋಡಿಸಿ ಬಿಟ್ಟು, ಕುರ್ಚಿಯಲ್ಲಿ ಕೂತು ಒತ್ತಿದರು. ಪೆಡಲ್ ಸ್ವಲ್ಪ ಹೋಗಿ ನಿಂತಿತು. ಎರಡನೇ ಸಲ ಸೀಟಿನಿಂದ ಪೂರ್ತಿ ಮೇಲೆದ್ದು ಒತ್ತಿದರು. "ಇದು ಕ್ಲಚ್ಚಾ, ಒನಕೆನಾ?" ಎಂದರು. ಬಸವರಾಜ ಅದನ್ನು ಬಿಚ್ಚಿ ನಿನ್ನೆಯ ಮೆತ್ತಗಿನದನ್ನು ಜೋಡಿಸಿದ. ಆ ಪುಟ್ಟ ಕಾಲು ಪೆಡಲನ್ನು ತಳದವರೆಗೆ ಒಯ್ದು, ಹದವಾಗಿ ಮೇಲೆ ತಂದಿತು. ಅಂಥ ಕಾಲನ್ನು ನನ್ನ ಸರ್ವಿಸ್ಸಿನಲ್ಲೇ ನಾನು ನೋಡಿರಲಿಲ್ಲ.

ಕಿಶೋರ್ ಕುರ್ಚಿಯ ಹತ್ತಿರಕ್ಕೆ ಬಂದ. "ಆಂಟಿ, ಒಂದ್ ನಿಮಿಷ. ಫ್ಲೈಓವರ್ ಮೇಲೆ ನನ್ನನ್ನ ಓವರ್‌ಟೇಕ್ ಮಾಡಿದ್ದು ನೀವಾ?"

"ನೀನು ಫೋನಲ್ಲಿ ಮಾತಾಡ್ಕೊಂಡು ಅಡ್ಡಾದಿಡ್ಡಿ ಓಡುಸ್ತಿದ್ದೆ ಕಣಪ್ಪ" ಎಂದರು ಜಯಮ್ಮ. "ಹಿಂದೆ ಇರೋಕೆ ಭಯ ಆಯ್ತು."

ಮೊದಲು ನಕ್ಕವರು ಮುನಿರಾಜಪ್ಪ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಕಿಶೋರ್ ತಾನು ತಂದ ಕಿಟ್ಟನ್ನು ತಾನೇ ಎತ್ತಿ ತನ್ನ ಕಾರಿನಲ್ಲಿಟ್ಟುಕೊಂಡ. "ಅಂಕಲ್, ಕಾರು ಕೊಡೋ ಮಾತು ಕ್ಯಾನ್ಸಲ್. ಆದ್ರೆ ಭಾನುವಾರ ಆಂಟಿ ನಂಗೆ ಗೇರ್ ಹಾಕೋದು ತೋರಿಸ್ಬೇಕು" ಎಂದ. ಅವನಿಗೆ ನಾನು ಎರಡು ಸೀಬೆಹಣ್ಣು ಜಾಸ್ತಿ ಕೊಟ್ಟೆ.

ಭಾರದ ಫ್ಲೈವೀಲು, ಮೆತ್ತಗಿನ ಕ್ಲಚ್ಚು ಆರ್ಡರ್ ಮಾಡಿದೆವು. ಬರುವುದು ತಡವಾಯಿತು, ಅಷ್ಟು ದಿನ ಇಬ್ಬರೂ ಕಿಶೋರನ ಗೆಳೆಯರ ಕಾರುಗಳಲ್ಲಿ ಕೂತು ಇಡ್ಲಿಗೆ ಹೋದರಂತೆ. ರೆಡಿ ಇದ್ದ ಮಾಲು ಬಿಟ್ಟು ಇಲ್ಲದ ಮಾಲು ತರಿಸಿದೆ ಎಂದು ಸಾಹುಕಾರ್ರು ನನ್ನನ್ನು ಮನಸಾರೆ ಬೈದು ಬೋಂಡ ತರಿಸಿದರು. ಆದರೆ ಮುಂದಿನ ಸೋಮವಾರ ನಾನು ಬರುವಷ್ಟರಲ್ಲಿ ಕೌಂಟರಿನ ಮೇಲೆ ಹೊಸ ಬೋರ್ಡು ಬಂದಿತ್ತು. 'ಹಳೇ ಪ್ಲೇಟು ತನ್ನಿ' ಎನ್ನುವುದರ ಕೆಳಗೆ, ಅವರದೇ ವಕ್ರ ಅಕ್ಷರದಲ್ಲಿ, 'ಓಡಿಸುವವರನ್ನೂ ಕರೆತನ್ನಿ' ಎಂದು ಬರೆದಿತ್ತು. ಹೊಸದಾಗಿ ಸೇರಿದ ಆ ಹುಡುಗಿಯರಿಗೆ ನಾನು ಹೇಳಿದ್ದೂ ಇದೇ. ಕಂಪ್ಯೂಟರಿಗೆ ಕಾರು ಗೊತ್ತು. ಕಾಲು ಯಾರದು ಎಂದು ನೀವೇ ಕೇಳಬೇಕು.

ನನ್ನ ಕೊನೆಯ ದಿನ ಅಂಗಡಿಯವರು ಹಾರ ಹಾಕಿ, ಒಂದು ಮಿಕ್ಸಿ ಕೊಟ್ಟರು. ಹೊರಡುವ ಹೊತ್ತಿಗೆ ಅಂಗಳದಲ್ಲಿ ಹಳದಿ ಕಾರು ಬಂದು ನಿಂತಿತು. ಜಯಮ್ಮ ಒಬ್ಬರೇ ಇಳಿದರು.

"ಯಜಮಾನ್ರು ಎಲ್ಲಿ?" ಎಂದೆ.

"ನಿಮ್ಮ ಮನೆತಾವ್ಕೆ ಮೆಟ್ರೋದಾಗೆ ಬತ್ತಾವ್ರೆ. ಇರೋದೇ ಎರಡು ಸೀಟು, ನಿಮ್ಮನ್ನ ಮನೆಗೆ ಬುಡಬೇಕಲ್ಲ. ಅವ್ರೇ ಯೋಳಿ ಕಳ್ಸಿದ್ದು." ಹಾಗೆಂದು ಅವರು ಓಡಿಸುವ ಕಡೆಯ ಬಾಗಿಲನ್ನೇ ತೆರೆದು ಹಿಡಿದರು. "ಕೂತ್ಕೊಳ್ಳಿ ಸರೋಜಮ್ಮ."

"ಅಯ್ಯೋ, ನಂಗೆ ಬರಲ್ಲ."

"ಗೇಟ್ ತಂಕ ಬಂದ್ರೆ ಸಾಕು. ನಾನು ಪಕ್ಕದಲ್ಲಿರ್ತೀನಿ."

ನಾನು ಸಾಹುಕಾರ್ರ ಮುಖ ನೋಡಿದೆ. "ಕೂತ್ಕೊ, ಕೂತ್ಕೊ" ಎಂದರು. "ಇವತ್ತಿಂದ ನೀನು ನನ್ನ ಸ್ಟಾಫಲ್ಲ." ನನ್ನ ಕೈಯಲ್ಲಿದ್ದ ಮಿಕ್ಸಿ ಡಬ್ಬವನ್ನು ತಾವೇ ಇಸಿದುಕೊಂಡರು.

ಚಪ್ಪಲಿ ಬಿಟ್ಟು ಒಳಗೆ ಕೂತೆ. ಬಸವರಾಜ ಹೇಳಿದ್ದ ಹಾಗೆ ತೊಟ್ಟಿಲೇ ಅದು. ಎಡಗಾಲು ಇಟ್ಟು ಒತ್ತಿದೆ. ನಾನು ಆರಿಸಿದ ಕ್ಲಚ್ಚು ತಳದವರೆಗೆ ಮೆತ್ತಗೆ ಇಳಿಯಿತು. ಜಯಮ್ಮ ಪಕ್ಕದಿಂದ ಗೇರು ಹಾಕಿ, "ಈಗ ಬುಡಿ, ನಿಧಾನ" ಎಂದರು. ಕಾರು ತೆವಳಿತು, ಬಸವರಾಜ ಚಪ್ಪಾಳೆ ತಟ್ಟಿದ. ಗೇಟಿನವರೆಗೆ ಹೋಗುವಷ್ಟರಲ್ಲಿ ಎರಡು ಸಲ ಆಫ್ ಮಾಡಿದೆ. ಆದರೂ ಗೇಟು ಮುಟ್ಟಿದೆ. ಆ ಪೆಡಲಿನ ಮೇಲೆ ಈಗ ನನ್ನ ಕಾಲುಂಗುರದ್ದೂ ಒಂದು ಗೆರೆ ಇದೆ.